ಅರಳುಮರಳು ಅಂತ ಕೈಬಿಡಬ್ಯಾಡ್ರಿ

ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಕನ್ನಡದವರು ‘ಅರವತ್ತಕ್ಕೆ ಅರಳುಮರಳು’ ಅಂತಾರೆ. ಪಕ್ಕದ ಮರಾಠಿ ಮನೆಯವರು ‘ಸಾಠೀ ಬುದ್ಧಿ ನಾಠೀ’ ಅಂತಾರೆ, ಅಂದರೆ ಅರವತ್ತಾಯಿತು, ಬುದ್ಧಿ ಓಡಿಹೋಯಿತು. ಗಡಿಯ ವಿಷಯ, ನೀರಿನ ವಿಷಯ, ಶಾಲೆಯ ವಿಷಯ ಯಾವುದರಲ್ಲೂ ಹೊಂದಿಕೆಯಾಗದ ಎರಡು ಭಾಷೆಗಳು ಮುದುಕರ ಬುದ್ಧಿಯ ವಿಷಯದಲ್ಲಿ ಮಾತ್ರ ಪೂರಾ ಒಪ್ಪಿಕೊಂಡಿವೆ. ಈ ಒಪ್ಪಂದದಿಂದ ನಷ್ಟ ಆಗಿರುವುದು ನಮ್ಮ ಮನೆಯ ಹಿರಿಯರಿಗೆ.

ಮಾತು ಕಟ್ಟಿದವರು ಚೇಷ್ಟೆಗೆ ಕಟ್ಟಿದರೋ ಏನೋ. ಇದೇ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ಬೇಂದ್ರೆಯವರು ತಮ್ಮ ಕವನ ಸಂಗ್ರಹಕ್ಕೆ ‘ಅರಳು-ಮರಳು’ ಎಂದೇ ಹೆಸರಿಟ್ಟರು, ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಅರಳು, ಮತ್ತೆ ಮರಳಿ ಅರಳು ಎಂದೂ ಅದನ್ನು ಓದಬಹುದು. ಕವಿಗೆ ಅದು ಒಪ್ಪುತ್ತದೆ. ಆದರೆ ಮನೆಯ ಯಜಮಾನನಿಗೆ ಹೆಂಡತಿಯ ಹೆಸರು ನೆನಪಾಗದೆ ಇದ್ದಾಗ, ‘ವಯಸ್ಸಾತು ಬಿಡ್ರಿ, ಅರಳುಮರಳು’ ಅಂತ ಡಾಕ್ಟರ ಹತ್ತಿರ ಕರೆದೊಯ್ಯದೆ ಇರುವುದಕ್ಕೆ ಈ ಗಾದೆ ನೆಪವಾಗಬಾರದು.

ಪ್ರತಿ ವರ್ಷ ಸೆಪ್ಟೆಂಬರ್ 21ರಂದು ಜಗತ್ತಿನಾದ್ಯಂತ ಅಲ್ಜೈಮರ್ ದಿನ ಆಚರಿಸುತ್ತಾರೆ. 1994ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಆರಂಭವಾದದ್ದು. 2012ರಿಂದ ಸೆಪ್ಟೆಂಬರ್ ತಿಂಗಳಿಡೀ ಪ್ರಚಾರ ನಡೆಯುತ್ತದೆ. ದೊಡ್ಡ ಊರುಗಳಲ್ಲಿ ನಡಿಗೆ, ಭಿತ್ತಿಪತ್ರ, ಭಾಷಣ ಎಲ್ಲ ಇರುತ್ತವೆ. ಆ ಪ್ರಚಾರ ನಮ್ಮ ಗಡಿಯ ಹಳ್ಳಿಗೆ ಯಾವ ಭಾಷೆಯಲ್ಲಿ, ಯಾವ ರೂಪದಲ್ಲಿ ಬರಬೇಕು ಎಂಬುದನ್ನೇ ನಾನು ಇಲ್ಲಿ ಹೇಳಹೊರಟಿರುವುದು. ನಾನು ಡಾಕ್ಟರನಲ್ಲ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ 30 ವರ್ಷ ಲೆಕ್ಕ ಬರೆದ ದಿವಾನಜಿ. ಈ ರೋಗವನ್ನು ನಾನು ಮೊದಲು ಕಂಡದ್ದು ಕೀರ್ದಿ ಪುಸ್ತಕದಲ್ಲಿ.

ಕೀರ್ದಿಯಲ್ಲಿ ಕಂಡ ರೋಗ

ನಮ್ಮ ಸಾವಕಾರರು ಲೆಕ್ಕದಲ್ಲಿ ಗಟ್ಟಿ ಮನುಷ್ಯ. ಉಳ್ಳಾಗಡ್ಡಿ ಹಂಗಾಮಿನಲ್ಲಿ ಯಾರ್ಡಿಗೆ ಗಾಡಿ ಮೇಲೆ ಗಾಡಿ ಬಂದು ನಿಂತಾಗಲೂ ತೂಕದ ಚೀಟಿ ನೋಡುತ್ತಲೇ ಹಮಾಲಿ, ತೋಲಾಯಿ ಎಲ್ಲ ಬಾಯಲ್ಲೇ ಕಳೆದು ರೈತನ ಕೈಗೆ ಬರುವ ಮೊತ್ತ ಹೇಳುವರು. ಎಣಿಸುವುದು ಕನ್ನಡದಲ್ಲಿ, ಬರೆಸುವುದು ಮರಾಠಿಯಲ್ಲಿ, ಗಿರಾಕಿಯ ಜೊತೆ ಚೌಕಾಸಿ ಬೇಕಾದರೆ ತೆಲುಗಿನಲ್ಲಿ. ಕ್ಯಾಲ್ಕುಲೇಟರ್ ಅವರಿಗೆ ಗಲ್ಲಾಪೆಟ್ಟಿಗೆ ಮೇಲಿನ ಅಲಂಕಾರ.

ಒಂದು ದಿನ ಜತ್ತ ಕಡೆಯ ಒಬ್ಬ ರೈತ ಅಂಗಡಿಗೆ ಬಂದು ರೊಕ್ಕ ಮೇಜಿನ ಮೇಲಿಟ್ಟ. ‘ಸಾವಕಾರ್ರ, ಈ ಪಟ್ಟಿ ರೊಕ್ಕಾ ನೀವು ಮೊನ್ನೆನ ಕೊಟ್ಟಿದ್ರಿ. ಇವತ್ತ ಮತ್ತ ಕೊಟ್ಟೀರಿ’ ಅಂದ. ಹಾಗೆ ತಿರುಗಿ ಕೊಡುವ ರೈತರು ಇದ್ದಾರೆ, ಅದು ಬೇರೆ ಮಾತು. ಕೊಡದವರು ಎಷ್ಟು ಮಂದಿಯೋ! ಪುಸ್ತಕ ತಿರುವಿ ನೋಡಿದರೆ ಅದೇ ಹಂಗಾಮಿನಲ್ಲಿ ಇನ್ನೂ ಅಂಥವು ಇದ್ದವು. ಆಮೇಲೆ ಒಂದೇ ಪ್ರಶ್ನೆಯನ್ನು ತಾಸಿಗೆ ನಾಲ್ಕು ಸಲ ಕೇಳುವುದು, ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ ‘ಚಹಾ ತರಿಸಲಿಲ್ಲ?’ ಎನ್ನುವುದು ಶುರುವಾಯಿತು. ಮನೆಯಲ್ಲಿ ಹೇಳಿದರೆ, ಮಗ ನಕ್ಕು ಅದೇ ಗಾದೆ ಹೇಳಿದ. ಕೊನೆಗೆ 40 ವರ್ಷ ದಿನಾ ನಡೆದ ಸಿದ್ಧೇಶ್ವರ ಗುಡಿಯ ದಾರಿಯಲ್ಲೇ ಸಾವಕಾರರು ದಾರಿ ತಪ್ಪಿದರು. ಆಗ ಎಲ್ಲರೂ ಗಾಬರಿಯಾದರು.

ಎಲ್ಲ ಮರೆವೂ ರೋಗವಲ್ಲ. ಉಳ್ಳಾಗಡ್ಡಿ ಯಾವ ದರಕ್ಕೆ ಮಾರಿದೆ ಅಂತ ಥಟ್ಟನೆ ನೆನಪಾಗದೆ, ಆಮೇಲೆ ನೆನಪಾದರೆ ಅದು ವಯಸ್ಸು. ಮಾರಿದ್ದೇ ಗೊತ್ತಿಲ್ಲದೆ ಖಾಲಿ ಶೆಡ್ಡಿನ ಮುಂದೆ ನಿಂತು ‘ಮಾಲು ಎಲ್ಲಿ ಹೋತು?’ ಅಂತ ಜಗಳ ತೆಗೆದರೆ ಅದನ್ನು ತೋರಿಸಲೇಬೇಕು. ದಿನದ ಕೆಲಸ ನಡೆಸಲು ಬಾರದಷ್ಟು ನೆನಪು, ಲೆಕ್ಕ, ಮಾತು, ದಾರಿ ಕೆಟ್ಟುಹೋಗುವುದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. ಅದು ಒಂದೇ ರೋಗದ ಹೆಸರಲ್ಲ. ಜ್ವರ ಅಂದ ಹಾಗೆ, ಅದರ ಹಿಂದೆ ಹಲವು ರೋಗಗಳು ಇರುತ್ತವೆ. ಹೆಚ್ಚಿನದು ಅಲ್ಜೈಮರ್. ಅದರಲ್ಲಿ ಮೆದುಳಿನೊಳಗೆ ಬೇಡದ ಪ್ರೋಟೀನು ವರ್ಷಗಟ್ಟಲೆ ಜಮಾ ಆಗಿ ನರಕೋಶಗಳು ಸಾಯುತ್ತವೆ. ಹೊಸ ನೆನಪು ದಾಖಲಾಗುವ ಜಾಗ ಮೊದಲು ಕೆಡುತ್ತದೆ. ಅದಕ್ಕೇ ಇವತ್ತು ಮುಂಜಾನೆ ಉಂಡದ್ದು ನೆನಪಿಲ್ಲದವರು 1972ರ ಬರಗಾಲದ ಕತೆಯನ್ನು ಅಂಕಿ ಸಮೇತ ಹೇಳುತ್ತಾರೆ. ಮನೆಯವರು ‘ಬೇಕಾದ್ದು ನೆನಪಿರ್ತದ, ನಾಟಕ ಮಾಡ್ತಾರ’ ಅಂತ ಸಿಟ್ಟಾಗುವುದೂ ಇಲ್ಲಿಯೇ. ಇನ್ನೊಂದು ಬಗೆ ರಕ್ತದ ಒತ್ತಡ, ಸಕ್ಕರೆ ರೋಗದಿಂದ ಮೆದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವುದು.

ಇದು ಶ್ರೀಮಂತರ, ಪಟ್ಟಣದವರ ರೋಗ ಎಂಬ ಮಾತೂ ಕೇಳಿದ್ದೇನೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಯಾವ ಭಾಷೆಯಲ್ಲಿ ಕೇಳಿದಿರಿ?

ಸಾವಕಾರರನ್ನು ನಗರದ ಒಂದು ಆಸ್ಪತ್ರೆಗೆ ಕರೆದೊಯ್ದಾಗ ನಾನೂ ಹೋಗಿದ್ದೆ. ಪ್ರಶ್ನೆ ಕೇಳುವ ಹುಡುಗ ಒಳ್ಳೆಯವನೇ, ಆದರೆ ಅವನಿಗೆ ಮರಾಠಿ ಬಿಟ್ಟರೆ ಇಂಗ್ಲಿಷು. ಇವತ್ತು ತಾರೀಖು ಎಷ್ಟು, ಇದು ಎಷ್ಟನೇ ಮಾಳಿಗೆ, ನೂರರಲ್ಲಿ ಏಳು ಕಳೆಯುತ್ತ ಹೋಗಿ ಅಂತ ಕೇಳಿದ. ಸಾವಕಾರರು ‘ತೊಂಬತ್ಮೂರು, ಎಂಬತ್ತಾರು’ ಅಂತ ಕನ್ನಡದಲ್ಲಿ ಎರಡು ಮೆಟ್ಟಿಲು ಸರಿಯಾಗಿಯೇ ಇಳಿದರು. ಹುಡುಗ ಅದನ್ನು ತಪ್ಪು ಅಂತ ಬರೆದುಕೊಂಡ. ನಾನು ಬಾಯಿ ಹಾಕಿ ಹೇಳಿದ ಮೇಲೆ ತಿದ್ದಿದ. ಸಾವಕಾರರಿಗೆ ರೋಗ ಇದ್ದದ್ದು ನಿಜ, ಆಮೇಲೆ ತಜ್ಞರೂ ಅದನ್ನೇ ಹೇಳಿದರು. ಆದರೆ ರೋಗ ಇಲ್ಲದ ಒಬ್ಬ ಕನ್ನಡದ ಮುದುಕಿ ಅಲ್ಲಿ ಕೂತಿದ್ದರೆ? ಜೊತೆಗೆ ಕನ್ನಡ ಬಲ್ಲವರು ಇಲ್ಲದಿದ್ದರೆ?

ಇದು ಬರಿಯ ಭಾಷಾಭಿಮಾನದ ಮಾತಲ್ಲ. ಜಗತ್ತಿನಲ್ಲೆಲ್ಲ ಬಳಸುವ ನೆನಪಿನ ಪರೀಕ್ಷೆಯೊಂದು 1975ರಲ್ಲಿ ಅಮೆರಿಕದಲ್ಲಿ ತಯಾರಾಯಿತು. ಅದರಲ್ಲಿ ವಾಕ್ಯ ಓದಬೇಕು, ಒಂದು ವಾಕ್ಯ ಬರೆಯಬೇಕು. ಶಾಲೆಯ ಮುಖ ಕಾಣದ ರೈತ ಹೆಂಗಸಿಗೆ ಅದನ್ನು ಕೊಟ್ಟರೆ ಆಕೆ ನಾಪಾಸಾಗುವುದು ಅಕ್ಷರದಲ್ಲಿ, ನೆನಪಿನಲ್ಲಿ ಅಲ್ಲ. ಅದಕ್ಕೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು 1990ರ ದಶಕದಲ್ಲಿ ಓದುಬರಹ ಇಲ್ಲದವರಿಗೂ ಸಲ್ಲುವಂಥ ಹಿಂದಿ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆಮೇಲೆ ಮಾಡಿದ ಪರೀಕ್ಷೆಗಳ ಕಟ್ಟು ಮೊದಲು ತಯಾರಾದದ್ದು ಐದು ಭಾಷೆಗಳಲ್ಲಿ: ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ. ಅಂದರೆ ಕನ್ನಡದಲ್ಲಿ ಪರೀಕ್ಷೆ ಇದೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ಅದನ್ನು ಕೇಳಿ ಪಡೆಯುವವರು ಬೇಕು, ಅಷ್ಟೆ. ‘ನಮ್ಮವ್ವಗ ಕನ್ನಡದಾಗ ಕೇಳ್ರಿ, ಇಲ್ಲಾ ನಮಗ ಜೋಡಿ ಕೂಡಾಕ ಬಿಡ್ರಿ’ ಅನ್ನುವುದಕ್ಕೆ ಸಂಕೋಚ ಬೇಡ. ತಾರೀಖು ಗೊತ್ತಿಲ್ಲದ ಆಯಿಗೆ ಅಮಾಸಿ ಯಾವಾಗ, ಸಂತಿ ಯಾವ ವಾರ ಅಂತ ಕೇಳಿದರೆ ಆಕೆಯ ತಲೆ ಹೇಗಿದೆ ಎಂಬುದು ತಿಳಿಯುತ್ತದೆ.

ರೋಗ ಮುಂದುವರಿದಂತೆ ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿಯ ಹತ್ತಿರ ಕಲಿತದ್ದು ಉಳಿಯುತ್ತದೆ. ನಮ್ಮ ಸಾವಕಾರರಿಗೆ ತೆಲುಗು ಹೋಯಿತು, ಮರಾಠಿ ಹೋಯಿತು. ಸೊಸೆ ಬಾರ್ಶಿ ಕಡೆಯವಳು, ಮೊಮ್ಮಕ್ಕಳು ಮರಾಠಿ ಶಾಲೆ. ಮುತ್ಯಾ ‘ನೀರು ಕೊಡವಾ’ ಅಂದರೆ ಮನೆಯಲ್ಲಿ ತಿಳಿಯುವವರು ಮಗ ಒಬ್ಬನೇ, ಅವನು ದಿನವಿಡೀ ಅಂಗಡಿಯಲ್ಲಿ. ಕನ್ನಡ ಶಾಲೆ ಮುಚ್ಚುವುದರ ಬಗ್ಗೆ ಈ ಪುಟದಲ್ಲಿ ಎಷ್ಟೋ ಬರೆಯುತ್ತೇವೆ. ಆ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು: ಅಜ್ಜನ ಕೊನೆಯ ಭಾಷೆ ಬಾರದ ಮನೆ. ಸೊಸೆ ಮಾತ್ರ ಜಾಣೆ. ನನ್ನನ್ನು ಕೇಳಿ ಇಪ್ಪತ್ತು-ಮೂವತ್ತು ಕನ್ನಡ ಮಾತು ದೇವನಾಗರಿಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿಕೊಂಡಳು. ನೀರು, ಊಟ, ನೋವು, ಛಳಿ, ಹೊರಗ ಹೋಗಬೇಕು. ಯಾವ ಇಲಾಖೆಯ ಭಿತ್ತಿಪತ್ರಕ್ಕಿಂತಲೂ ಉಪಯೋಗ ಬಿದ್ದದ್ದು ಆ ಚೀಟಿ.

ಎರಡು ಭಾಷೆಯವರಿಗೆ ಒಂದು ಒಳ್ಳೆಯ ಸುದ್ದಿ

ನಮ್ಮಂಥವರ ಬಗ್ಗೆಯೇ ಮಾಡಿದಂತಿರುವ ಒಂದು ಅಧ್ಯಯನ ಇದೆ. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. 2013ರಲ್ಲಿ ಪ್ರಕಟವಾದ ಈ ವರದಿ ಜಗತ್ತಿನಲ್ಲೆಲ್ಲ ಚರ್ಚೆಯಾಯಿತು. ಶಾಲೆ ಕಲಿತದ್ದರ ಫಲ ಇರಬಹುದಲ್ಲ ಎಂಬ ಅನುಮಾನಕ್ಕೆ ಉತ್ತರವೂ ಅದರಲ್ಲೇ ಇತ್ತು. ಓದುಬರಹ ಇಲ್ಲದವರಲ್ಲಿ ಅಂತರ ಇನ್ನೂ ಹೆಚ್ಚು, ಸುಮಾರು ಆರು ವರ್ಷ. ಶಾಲೆಯಲ್ಲಿ ಅಲ್ಲ, ಬಜಾರದಲ್ಲಿ, ಬಾವಿಕಟ್ಟೆಯಲ್ಲಿ ಕಲಿತ ಎರಡನೆಯ ಭಾಷೆಯಿಂದಲೂ ಮೆದುಳಿಗೆ ಪ್ರಯೋಜನ ಇದ್ದಂತೆ ಕಾಣುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಸರಕ್ಕನೆ ಹೊರಳುವುದು, ಬೇಡದ್ದನ್ನು ತಡೆದು ಬೇಕಾದ್ದನ್ನು ಆರಿಸುವುದು ಮೆದುಳಿಗೆ ದಿನದ ವ್ಯಾಯಾಮ ಎಂಬುದು ಇದಕ್ಕೆ ಕೊಡುವ ವಿವರಣೆ. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಹೆಚ್ಚಿನ ಲಾಭ ಅದರಲ್ಲಿ ಕಾಣಲಿಲ್ಲ.

ಆದರೆ ಬೀಗಬೇಡಿ. ಬೇರೆ ದೇಶಗಳಲ್ಲಿ ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಕೆಲವು ಅಧ್ಯಯನಗಳಲ್ಲಿ ಈ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ, ತಜ್ಞರಲ್ಲಿ ವಾದ ಇದ್ದೇ ಇದೆ. ಸಾವಕಾರರಿಗೆ ಮೂರು ಭಾಷೆ ಬರುತ್ತಿತ್ತು, ರೋಗವೂ ಬಂತು. ತಡವಾಗುವುದು ಬೇರೆ, ಬಾರದೇ ಇರುವುದು ಬೇರೆ. ಡಾ. ಅಲ್ಲಾಡಿ ಆಮೇಲೆ ಬೆಂಗಳೂರಿನ ನಿಮ್ಹಾನ್ಸಿಗೆ ಬಂದರು. 2022ರ ಜನವರಿಯಲ್ಲಿ ಕರ್ನಾಟಕ ಸರಕಾರ ಮತ್ತು ನಿಮ್ಹಾನ್ಸ್ ಸೇರಿ ‘ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್’ ಶುರುಮಾಡಿ, ಮೊದಲಿಗೆ ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಸರಕಾರಿ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಚಿಕಿತ್ಸಾಲಯ ತೆರೆದವು. ಚಿಕ್ಕಬಳ್ಳಾಪುರ ಹಿಂದೂಪುರ, ಮಡಕಶಿರಾ ಕಡೆಯವರಿಗೆ ದೂರವಲ್ಲ.

ನೆರೆಯವರು ಏನು ಮಾಡಿದರು ಎಂಬುದನ್ನೂ ನೋಡಬೇಕು. ಕೇರಳ ಇದರಲ್ಲಿ ಮುಂದು. ಈ ರೋಗಕ್ಕಾಗಿ ಇರುವ ಭಾರತದ ಸಂಸ್ಥೆ ಎ.ಆರ್.ಡಿ.ಎಸ್.ಐ. 1992ರಲ್ಲಿ ಅಲ್ಲಿಯೇ ಹುಟ್ಟಿತು. ಗೋವೆಯಲ್ಲಿ 81 ಕುಟುಂಬಗಳೊಡನೆ ನಡೆದ ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು. ಡಾಕ್ಟರುಗಳಲ್ಲ, ಸ್ಥಳೀಯ ಭಾಷೆ ಬಲ್ಲ ಸಾಧಾರಣ ಓದಿನವರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು, ನೋಡಿಕೊಳ್ಳುವವರ ಮನಸ್ಸಿನ ಭಾರ ಅದರಿಂದ ಕಡಿಮೆಯಾಯಿತು. ಅಂಥವರು ನಮ್ಮ ತಾಲ್ಲೂಕುಗಳಲ್ಲೂ ಸಿಗುತ್ತಾರೆ, ಕನ್ನಡ-ಮರಾಠಿ ಎರಡೂ ಬಲ್ಲವರೇ ಸಿಗುತ್ತಾರೆ.

ಪ್ರಚಾರ ಅಂದರೆ ಭಾಷಣವೇ ಆಗಬೇಕಿಲ್ಲ. ಮಲಯಾಳದ ‘ತನ್ಮಾತ್ರ’ (2005), ಮರಾಠಿಯ ‘ಅಸ್ತು’ (2013), ನಮ್ಮ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಮಾಡಿದಷ್ಟು ಕೆಲಸ ಯಾವ ಫಲಕವೂ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ. ‘ಅಸ್ತು’ವಿನ ಮುದುಕ ಆನೆಯ ಹಿಂದೆ ಹೋಗಿ ಕಳೆದುಹೋಗುತ್ತಾನೆ. ಆ ಪಾತ್ರ ಮಾಡಿದ ಮೋಹನ ಆಗಾಶೆ ಸ್ವತಃ ಮನೋವೈದ್ಯರು. ಅನಂತನಾಗ್ ಅವರ ಚಿತ್ರದ ಹೆಸರಂತೂ ಪೇಪರಿನ ‘ಕಾಣೆಯಾಗಿದ್ದಾರೆ’ ಜಾಹೀರಾತಿನಿಂದಲೇ ಎದ್ದುಬಂದದ್ದು.

ಗಡಿಯಲ್ಲಿ ಕಾಣೆಯಾಗುವುದು ಇನ್ನೊಂದು ತೊಡಕು. ಅಕ್ಕಲಕೋಟೆಯಲ್ಲಿ ಬಸ್ಸು ಹತ್ತಿದ ಮುದುಕ ಅಫಜಲಪುರದಲ್ಲಿ ಇಳಿದರೆ ರಾಜ್ಯವೇ ಬೇರೆ, ಪೊಲೀಸರೇ ಬೇರೆ, ಲಿಪಿಯೇ ಬೇರೆ. ಅಂಗಿಯ ಜೇಬಿನಲ್ಲಿ, ಸೀರೆಯ ಸೆರಗಿನ ಒಳಗೆ ಒಂದು ಚೀಟಿ ಹೊಲಿದುಬಿಡಿ. ಹೆಸರು, ಊರು, ಮನೆಯ ಫೋನು ನಂಬರು ಎರಡೂ ಲಿಪಿಯಲ್ಲಿ ಇರಲಿ. ಇತ್ತೀಚಿನ ಫೋಟೋ ಒಂದು ಮೊಬೈಲಿನಲ್ಲಿ ಇರಲಿ.

ಗುಣವಾಗುವ ಮರೆವು, ತಡೆಯಬಹುದಾದ ಮರೆವು

ಗಾದೆ ಹೇಳಿ ಮನೆಯಲ್ಲಿ ಕೂಡಿಸುವುದರ ದೊಡ್ಡ ಅನ್ಯಾಯ ಏನೆಂದರೆ, ಕೆಲವು ಮರೆವು ಗುಣವಾಗುವಂಥದ್ದು. ಬಿ-12 ಜೀವಸತ್ವದ ಕೊರತೆ ಅದರಲ್ಲಿ ಒಂದು. ಮಾಂಸ ಮುಟ್ಟದ ನಮ್ಮ ಲಿಂಗಾಯತ, ಜೈನ ಮನೆತನಗಳಲ್ಲಿ ಅದಕ್ಕೆ ಅವಕಾಶ ಹೆಚ್ಚು. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಇಂಜೆಕ್ಷನ್ನು ಮಾತ್ರೆಗೆ ಬಗ್ಗುತ್ತದೆ. ಥೈರಾಯ್ಡ್ ಇಳಿದರೂ ತಲೆ ಮಂಕಾಗುತ್ತದೆ. ಬೈಕಿನಿಂದ ಬಿದ್ದು, ಬಚ್ಚಲಲ್ಲಿ ಜಾರಿ, ತಲೆಗೆ ಸಣ್ಣ ಪೆಟ್ಟು ಬಿದ್ದು, ವಾರಗಳ ಮೇಲೆ ಒಳಗೆ ರಕ್ತ ಸೇರಿ ಬುದ್ಧಿ ತಪ್ಪಿದವರೂ ಇದ್ದಾರೆ. ಸಕಾಲಕ್ಕೆ ಸ್ಕ್ಯಾನ್ ಮಾಡಿಸಿದರೆ ಆಪರೇಷನ್ನಿನಿಂದ ಏಳುತ್ತಾರೆ. ನಿನ್ನೆ ತನಕ ಸರಿ ಇದ್ದವರು ಇವತ್ತು ಏಕಾಏಕಿ ಏನೇನೋ ಮಾತಾಡಿದರೆ ಅದು ಅರಳುಮರಳೂ ಅಲ್ಲ, ದೆವ್ವವೂ ಅಲ್ಲ. ಮೂತ್ರದ ಸೋಂಕೋ, ಉಪ್ಪಿನಂಶದ ಏರುಪೇರೋ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅಲ್ಜೈಮರಿಗೆ ಮಾತ್ರ ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಡೊನೆಪೆಜಿಲ್‌ನಂಥ ಮಾತ್ರೆ ಕೆಲವರಿಗೆ ಕೆಲಕಾಲ ಆಸರೆಯಾಗುತ್ತದೆ.

ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳನ್ನು ಹೇಳಿತು. ಇವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಲೆಕ್ಕ. ಬಿ.ಪಿ., ಸಕ್ಕರೆ, ಬೀಡಿ-ಸಿಗರೇಟು, ಹೆಚ್ಚಿನ ಕುಡಿತ, ಕೂತಲ್ಲೇ ಕೂಡುವುದು ನೀವು ಊಹಿಸಿದಂಥವೇ. ಕಿವಿ ಮತ್ತು ಕಣ್ಣು ಮಾತ್ರ ಹೆಚ್ಚಿನವರು ಊಹಿಸುವುದಿಲ್ಲ. ಕಿವಿ ಮಂದವಾದವನು ಮಾತಿನಿಂದ ದೂರ ಸರಿಯುತ್ತಾನೆ, ಮೆದುಳಿಗೆ ಕೆಲಸ ಕಡಿಮೆಯಾಗುತ್ತದೆ. ಸೊಲ್ಲಾಪುರದ ಪವರ್‌ಲೂಮಿನ ಖಡಖಡ ಸದ್ದಿನಲ್ಲಿ ಹರೆಯ ಕಳೆದವರ ಕಿವಿಯ ಕತೆ ನಮಗೆಲ್ಲ ಗೊತ್ತು. ಕಿವಿಯ ಮಿಷಿನ್ನಿಗೆ ನಾಚುವವರು, ಮೋತಿಬಿಂದು ಆಪರೇಷನ್ನಿಗೆ ‘ಮುಂದಿನ ವರ್ಷ ನೋಡೂನು’ ಅನ್ನುವವರು ಇದನ್ನು ಕೇಳಿಸಿಕೊಳ್ಳಲಿ. ಬಿ.ಪಿ. ಗುಳಿಗೆ ನಡುವಯಸ್ಸಿನಿಂದಲೇ ತಪ್ಪದೆ ನುಂಗಬೇಕು.

ಹೆಬ್ಬೆಟ್ಟಿನ ಮಾತು

ಯಾವ ಪ್ರಚಾರದಲ್ಲೂ ನಾನು ಸಾಕಷ್ಟು ಕೇಳದ ಮಾತು ಆಸ್ತಿಯದು. 1872ರ ಕರಾರು ಕಾಯ್ದೆಯ ಪ್ರಕಾರ ಕರಾರು ಮಾಡುವಾಗ ಅದನ್ನು ತಿಳಿದು ಲಾಭ-ನಷ್ಟ ತೂಗುವ ಬುದ್ಧಿ ಇರಬೇಕು. ಇಲ್ಲದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಹೊಲದ ಕಾಗದ ಕೋರ್ಟಿನಲ್ಲಿ ನಿಲ್ಲದು, ಆದರೆ ಅಲ್ಲಿಯ ತನಕ ಅಣ್ಣತಮ್ಮಂದಿರು ಹತ್ತು ವರ್ಷ ತಿರುಗುತ್ತಾರೆ. ‘ಮುಖತ್ಯಾರಪತ್ರ ಮಾಡಿಸೀವಿ, ಚಿಂತಿಲ್ಲ’ ಅನ್ನುವ ವ್ಯಾಪಾರಿಗಳೂ ಕೇಳಬೇಕು: ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಅದೇ ಕಾಯ್ದೆಯಡಿ ಕೊನೆಯಾಗುತ್ತದೆ. ಆದ್ದರಿಂದ ಮೃತ್ಯುಪತ್ರ, ಬ್ಯಾಂಕಿನ ಜಂಟಿ ಖಾತೆ, ಯಾರ ಕೈಯಿಂದ ಎಷ್ಟು ಬರಬೇಕು ಎಂಬ ಪಟ್ಟಿ ಎಲ್ಲ ಬುದ್ಧಿ ಗಟ್ಟಿ ಇರುವಾಗಲೇ ಆಗಬೇಕು. ಸಾತಬಾರಾ ಉತಾರವೋ ಪಹಣಿಯೋ, ಎರಡು ರಾಜ್ಯದಲ್ಲೂ ಹೊಲ ಇದ್ದವರು ಎರಡೂ ಕಡೆಯ ಕಾಗದ ಒಂದೇ ಕಟ್ಟಿನಲ್ಲಿ ಇಟ್ಟುಕೊಳ್ಳಲಿ. ರೋಗದ ಆರಂಭದಲ್ಲೇ ತೋರಿಸಿದರೆ ಹಿರಿಯರು ತಮ್ಮ ಇಚ್ಛೆ ತಾವೇ ಹೇಳಬಲ್ಲರು.

ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಹಳ್ಳಿಯ ಸಭೆಗೆ ನಾನೂ ಹೋಗಿದ್ದೆ. ಮಾತಾಡಿದವರು ವಿಜಯಪುರ ಕಡೆಯ ಒಬ್ಬ ನಿವೃತ್ತ ನರ್ಸು. ಗಂಡಸರು ಕಟ್ಟೆಯ ಮೇಲೆ ಕೂತು ಕೇಳಿದರು, ಪ್ರಶ್ನೆ ಎಲ್ಲ ಬಂದದ್ದು ಸೊಸೆಯಂದಿರಿಂದ. ಒಬ್ಬಾಕೆ ಕೇಳಿದಳು: ‘ನಮ್ಮ ಅತ್ತಿ ನಡುರಾತ್ರಿ ಎದ್ದು ನನ್ನ ಮನಿಗಿ ಹೋಗ್ತೀನಿ ಅಂತ ಬಾಗಲಾ ಬಡೀತಾರ್ರೀ. ಇದ ನಿಮ್ಮ ಮನಿ ಅಂದ್ರ ಹೊಡ್ಯಾಕ ಬರ್ತಾರ.’

ನರ್ಸಮ್ಮ ಅಂದರು: ‘ವಾದ ಮಾಡಬ್ಯಾಡ ನಮ್ಮವ್ವ. ಯಾವ ಮನಿ, ಯಾರ್ಯಾರದಾರ ಅಲ್ಲಿ ಅಂತ ಕೇಳು. ತವರಮನಿ ಇರ್ತದ ಅದು. ಹೇಳೂತನಕ ಹೇಳಲಿ. ಅಂಗಳದಾಗ ಒಂದ ಸುತ್ತ ತಿರುಗಿಸ್ಕೊಂಡ ಬಾ, ಒಂದಕ್ಕ ಹೋಗೂದಿದ್ರ ಕರಕೊಂಡ ಹೋಗು. ಹೊತ್ತಾಗೇದ, ಮುಂಜಾನೆ ಹೋಗೂನು ಅನ್ನು. ಹಗಲ ಹೊತ್ತಿನ್ಯಾಗ ಭಾಳ ಮಲಗಾಕ ಬಿಡಬ್ಯಾಡ, ಕಾಳ ಹಸನ ಮಾಡಾಕ ಕೊಡು. ಮತ್ತ ವಾರದಾಗ ಎರಡ ರಾತ್ರಿ ನಿನ್ನ ಗಂಡಗ ಕಾಯಾಕ ಹಚ್ಚು.’

ಕಟ್ಟೆಯ ಮೇಲಿನವರು ಆಗ ಸ್ವಲ್ಪ ಮಿಸುಕಾಡಿದರು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567 ಎರಡನ್ನೂ ನರ್ಸಮ್ಮ ಶಾಲೆಯ ಹಲಗೆಯ ಮೇಲೆ ದೊಡ್ಡದಾಗಿ ಬರೆದರು. ಟೆಲಿ-ಮಾನಸಿನಲ್ಲಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಹೆಣ್ಣುಮಕ್ಕಳು ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರು.